ಕೊನೆಯ ಪುಟದ ತಾಯಣ್ಣ

ಪುಸ್ತಕದ ಕೊನೆಯ ಪುಟವನ್ನು ಯಾರೂ ಓದುವುದಿಲ್ಲ. ಇದನ್ನು ನಾನು ಎದೆ ತಟ್ಟಿ ಹೇಳಬಲ್ಲೆ. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಗಲ್ಲಿಯಲ್ಲಿ ನಮ್ಮಪ್ಪನ ಕಾಲದಿಂದಲೂ ಕಾಗದ ಮಾರುತ್ತ ಬಂದವನು ನಾನು, ಗುಲಾಮ್ ದಸ್ತಗೀರ್. ಈ ಕಡೆಯ ಪ್ರೆಸ್ಸುಗಳಲ್ಲಿ ಏನೇ ಅಚ್ಚಾಗಲಿ, ಆ ಕಾಗದ ನನ್ನ ಅಂಗಡಿಯ ಹೊಸ್ತಿಲು ದಾಟಿಯೇ ಹೋಗಿರುತ್ತದೆ. ಪುಸ್ತಕ ಕೈಗೆ ಬಂದರೆ ಜನ ಮುಖಪುಟ ನೋಡುತ್ತಾರೆ, ತಮ್ಮ ಫೋಟೊ ಎಲ್ಲಿದೆ ಎಂದು ಹುಡುಕುತ್ತಾರೆ, ಫೋಟೊ ಸಣ್ಣದಾಯಿತೆಂದು ಜಗಳ ತೆಗೆಯುತ್ತಾರೆ. ತೀರಾ ಹಿಂದೆ, ಸಾಸಿವೆ ಕಾಳಿನಂಥ ಅಕ್ಷರದಲ್ಲಿ ‘ಮುದ್ರಕರು’ ಎಂದಿರುತ್ತದಲ್ಲ, ಅದರ ಮುಂದೆ ಯಾರ ಹೆಸರಿದೆ ಎಂದು ಕೇಳಿದ ಒಬ್ಬ ಮನುಷ್ಯನನ್ನೂ ನಾನು ಕಂಡಿಲ್ಲ. ಹಾಗಿದ್ದೂ ಮಾನ್ವಿಯ ತಾಯಣ್ಣನ ಹೆಸರು ಆ ಜಾಗಕ್ಕೆ ಬಂದಾಗ ಕೆಲವು ದೊಡ್ಡ ಮನುಷ್ಯರಿಗೆ ಅನ್ನ ಸೇರದಂತಾಯಿತು. ಆ ಕಥೆ ಹೇಳುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ನಡುನಡುವೆ ಬೈದರೆ ಸಹಿಸಿಕೊಳ್ಳಿ.

ತಾಯಣ್ಣ ಹುಟ್ಟಿದ್ದು ದೇವದುರ್ಗದ ಆಚೆ, ಕೃಷ್ಣೆಯ ಕಡೆಗಿರುವ ಒಂದು ಊರಿನಲ್ಲಿ. ಊರಿನ ಹೆಸರು ಬೇಡ, ಅಂಥ ಊರುಗಳು ನಮ್ಮಲ್ಲಿ ಒಂದೇ ಇಲ್ಲ. ಅಪ್ಪ ಅವ್ವ ಇಬ್ಬರೂ ಕಂಡವರ ಹೊಲದಲ್ಲಿ ಕೂಲಿ ಮಾಡುವವರು. ನಿಜಾಮರ ಆಳ್ವಿಕೆ ಮುಗಿದ ಮರುವರ್ಷ ಆ ಊರಿಗೆ ಕನ್ನಡ ಶಾಲೆ ಬಂತು. ಮುಂದೆ ಕೆಲವು ವರ್ಷಕ್ಕೆ ತಾಯಣ್ಣ ಅದೇ ಶಾಲೆಗೆ ಹೋಗಿ ಏಳನೆಯ ತರಗತಿಯವರೆಗೆ ಓದಿದ. ಆಮೇಲೆ ಸೋದರಮಾವನ ಜೊತೆ ರಾಯಚೂರಿಗೆ ಬಂದು ಒಂದು ಪ್ರೆಸ್ಸಿನಲ್ಲಿ ಕಸ ಗುಡಿಸುವ ಕೆಲಸಕ್ಕೆ ನಿಂತ. ಗುಡಿಸುವಾಗ ನೆಲಕ್ಕೆ ಬಿದ್ದ ಅಚ್ಚಿನ ಮೊಳೆಗಳನ್ನು ಆರಿಸಿ ಅದದರ ಖಾನೆಗೆ ಹಾಕುತ್ತಿದ್ದ. ಮಾಲೀಕ ನೋಡಿದ, ಪೊರಕೆ ಬಿಡಿಸಿ ಮೊಳೆ ಜೋಡಿಸಲು ಕೂರಿಸಿದ. ನಾನು ಅಪ್ಪನ ಅಂಗಡಿಯಿಂದ ಕಾಗದದ ರೀಮು ಹೊತ್ತುಕೊಂಡು ಹೋದಾಗಲೆಲ್ಲ ತಾಯಣ್ಣ ನಿಂತೇ ಇರುತ್ತಿದ್ದ. ಕೈ ಒಂದೇ ಸಮನೆ ಓಡುತ್ತಿತ್ತು, ಬಾಯಿ ನನ್ನ ಜೊತೆ ಸಿನಿಮಾ ಸುದ್ದಿ ಮಾತಾಡುತ್ತಿತ್ತು. ನಮ್ಮಿಬ್ಬರ ದೋಸ್ತಿ ಅಲ್ಲಿಂದ ಶುರುವಾದದ್ದು.

ಆ ಮಾಲೀಕ ಕೆಟ್ಟವನಲ್ಲ. ಆದರೆ ಮದುವೆ ಕಾರ್ಡು ಮಾಡಿಸುವವರು ಬಂದರೆ ಕಣ್ಸನ್ನೆ ಮಾಡುತ್ತಿದ್ದ, ತಾಯಣ್ಣ ಎದ್ದು ಹಿಂದಿನ ಕೋಣೆಗೆ ಹೋಗಬೇಕಿತ್ತು. ನಮ್ಮ ಕಡೆ ಮೊದಲ ಕಾರ್ಡಿನ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ದೇವರ ಮುಂದೆ ಇಡುತ್ತಾರೆ. ಅಂಥ ಕಾರ್ಡಿನ ಅಕ್ಷರವನ್ನು ಜೋಡಿಸಿದವನು ಯಾವ ಕೇರಿಯವನು ಎಂಬುದು ಗಿರಾಕಿಗಳಿಗೆ ಗೊತ್ತಿರಲಿಲ್ಲವೆಂದು ತಿಳಿಯಬೇಡಿ. ಎಲ್ಲರಿಗೂ ಗೊತ್ತಿತ್ತು. ತಾಯಣ್ಣನೇ ಜೋಡಿಸಲಿ ಎಂದು ಮಾಲೀಕನ ಕಿವಿಯಲ್ಲಿ ಹೇಳಿ ಹೋಗುವವರೂ ಇದ್ದರು, ಅವನ ಕೆಲಸ ಅಷ್ಟು ಚೊಕ್ಕ. ಗೊತ್ತಿರಬಹುದು, ಕಣ್ಣಿಗೆ ಬೀಳಬಾರದು, ಅಷ್ಟೇ. ಈ ನಾಜೂಕಿನ ಕಳ್ಳತನ ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಎದುರಿಗೆ ನಿಂತು ಬೈಯುವವನನ್ನಾದರೂ ತಿರುಗಿ ಬೈಯಬಹುದು, ಹೀಗೆ ಕಣ್ಣು ತಪ್ಪಿಸುವವರನ್ನು ಏನು ಮಾಡುತ್ತೀರಿ?

ಆ ಮಾಲೀಕ ತೀರಿಕೊಂಡ ಮೇಲೆ ಮಕ್ಕಳಿಗೆ ಕಸುಬು ಬೇಡವಾಯಿತು. ತಾಯಣ್ಣ ಅಲ್ಲಿಯ, ಕಾಲಿನಿಂದ ತುಳಿದು ಅಚ್ಚು ಹಾಕುವ ಹಳೆಯ ಟ್ರೆಡಲ್ ಯಂತ್ರ ತೆಗೆದುಕೊಂಡು ಹೆಂಡತಿ ಗೋಪಮ್ಮನ ತವರೂರಾದ ಮಾನ್ವಿಗೆ ಹೋಗಿ ಸ್ವಂತ ಪ್ರೆಸ್ ಹಾಕಿದ. ಬೋರ್ಡು ನೋಡಿ ನಾನು ನಕ್ಕುಬಿಟ್ಟೆ: ‘ಶ್ರೀ ಸೂಗೂರೇಶ್ವರ ಪ್ರಿಂಟಿಂಗ್ ಪ್ರೆಸ್’. ಮನೆಯಲ್ಲಿ ಬುದ್ಧನ ಫೋಟೊ ಇಟ್ಟುಕೊಂಡು ಮಗನಿಗೆ ಗೌತಮ ಎಂದು ಹೆಸರಿಟ್ಟವನು ಬೋರ್ಡಿಗೆ ಮಾತ್ರ ದೇವಸುಗೂರಿನ ದೇವರನ್ನು ಕರೆತಂದಿದ್ದ.

“ಇದೇನೋ ತಾಯಣ್ಣ, ಯಾವಾಗ ಆದ ಇವ ನಿಮ್ಮ ಮನಿದೇವ್ರು?” ಎಂದೆ.

“ದೇವ್ರ ಹೆಸರು ನೋಡಿದ್ರ ಗಿರಾಕಿ ಒಳಗ ಬರ್ತಾನ, ದಸ್ತಗೀರಾ. ನನ್ನ ಹೆಸರು ನೋಡಿದ್ರ ಸೈಕಲ್ ಸೈತ ಇಳಿಯಂಗಿಲ್ಲ,” ಎಂದು ಅವನೂ ನಕ್ಕ.

ಆ ಪ್ರೆಸ್ಸಿನಿಂದ ಹೊರಬಿದ್ದ ಕಾರ್ಡು, ಕರಪತ್ರ, ಬಿಲ್ ಬುಕ್ಕು, ಪಂಚಾಯ್ತಿಯ ರಸೀದಿ, ಎಲ್ಲದರ ಕೆಳಗೂ ಪ್ರೆಸ್ಸಿನ ಹೆಸರು ಇತ್ತು. ತಾಯಣ್ಣನ ಹೆಸರು ಒಂದರಲ್ಲೂ ಇರಲಿಲ್ಲ. ಅವನಿಗೆ ಅದು ರೂಢಿಯಾಗಿತ್ತು. ರೂಢಿಯಾಗದೆ ಉಳಿದವಳು ಮಗಳು ಶಶಿಕಲಾ.

ಗೌತಮ ನೌಕರಿ ಸಿಕ್ಕು ಕಲಬುರಗಿಗೆ ಹೋದ. ಶಶಿಕಲಾ ಬಿ.ಎ. ಮುಗಿಸಿ, ರಾಯಚೂರಿನಲ್ಲಿ ಡಿ.ಟಿ.ಪಿ. ಕಲಿತು, ಪ್ರೆಸ್ಸಿಗೆ ಕಂಪ್ಯೂಟರ್ ತಂದಳು, ಆಮೇಲೆ ಆಫ್‌ಸೆಟ್ ಯಂತ್ರವನ್ನೂ ತಂದಳು. ಅಪ್ಪನ ಕೈಯ ಚೊಕ್ಕತನ ಅವಳಿಗೆ ಬಂದಿತ್ತು, ಅಪ್ಪನ ಬಗ್ಗಿದ ಕುತ್ತಿಗೆ ಬಂದಿರಲಿಲ್ಲ. ಒಮ್ಮೆ ಸಿರವಾರದ ಅಕ್ಕಿ ವ್ಯಾಪಾರಿಯೊಬ್ಬ ಬಾಗಿಲಲ್ಲಿ ನಿಂತು, “ಲೇ ತಾಯಾ, ಬಿಲ್ ಬುಕ್ ಆತೇನಲೇ?” ಎಂದು ಕೂಗಿದ. ಅವನಿಗಿಂತ ತಾಯಣ್ಣ ಇಪ್ಪತ್ತು ವರ್ಷಕ್ಕಾದರೂ ದೊಡ್ಡವನು. ಶಶಿಕಲಾ ಕಂಪ್ಯೂಟರಿನಿಂದ ತಲೆ ಎತ್ತದೆ, “ಅಂಥೋರು ಇಲ್ಲಿ ಯಾರೂ ಇಲ್ರಿ. ತಾಯಣ್ಣ ಅಂತ ನಮ್ಮಪ್ಪಾರು ಅದಾರ, ಬೇಕಂದ್ರ ಕರೀತೀನಿ,” ಎಂದಳು. ವ್ಯಾಪಾರಿ ಒಂದು ಮೆಟ್ಟಿಲು ಇಳಿದ, ಮತ್ತೆ ಹತ್ತಿದ. ಕೊನೆಗೆ “ತಾಯಣ್ಣೋರನ್ನ ಕರೀಯವ್ವ” ಎಂದ. ಒಳಗೆ ಹಾಳೆ ಮಡಚುತ್ತಿದ್ದ ಗೋಪಮ್ಮನಿಗೆ ಅವತ್ತು ಇಡೀ ದಿನ ನಗು ತಡೆಯಲಿಲ್ಲ. ತಾಯಣ್ಣ ಮಾತ್ರ ಮಗಳ ಮೇಲೆ ರೇಗಿದ.

ಹೋದ ವರ್ಷ ತಾಯಣ್ಣನ ಊರಿನ ಶಾಲೆಗೆ ಎಪ್ಪತ್ತೈದು ತುಂಬಿತು. ಅಮೃತ ಮಹೋತ್ಸವವೆಂದು ಸಮಿತಿ ಮಾಡಿದರು, ಸ್ಮರಣ ಸಂಚಿಕೆ ತರಬೇಕೆಂದರು. ಸಂಚಿಕೆಯ ಹೊಣೆ ಬಿದ್ದದ್ದು ಶಾಲೆಯ ಮುಖ್ಯ ಶಿಕ್ಷಕಿ, ಮಟಮಾರಿ ಕಡೆಯ ಸೌಭಾಗ್ಯ ಟೀಚರ್ ಮೇಲೆ. ಮಾನ್ವಿಯ ಪ್ರೆಸ್ಸಿನ ಕೆಲಸ ಚೆನ್ನಾಗಿದೆ ಎಂದು ಕೇಳಿ ಅವರು ಕಟ್ಟು ಕಟ್ಟು ಬರಹ, ಚೀಲದ ತುಂಬ ಹಳೆಯ ಫೋಟೊ ತೆಗೆದುಕೊಂಡು ಬಂದರು. ಯಾವ ಶಾಲೆ ಎಂದು ಗೊತ್ತಾದಾಗ ತಾಯಣ್ಣನ ಮುಖ ನೋಡಬೇಕಿತ್ತು. ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದವನು ಮತ್ತೆ ಬಂದು ಕುಳಿತ. ಭೂತಗನ್ನಡಿಯ ದಪ್ಪ ಗಾಜು ಹಿಡಿದು ಪ್ರತಿ ಪ್ರೂಫನ್ನೂ ತಾನೇ ಓದಿದ. ಒಂದು ಹಳೆಯ ಫೋಟೊದಲ್ಲಿ ತನ್ನ ಮೇಷ್ಟ್ರನ್ನು ಗುರುತು ಹಿಡಿದು ಗೋಪಮ್ಮನನ್ನು ಕರೆದು ತೋರಿಸಿದ.

ಕೊನೆಯ ಪುಟ ಸಿದ್ಧವಾದ ದಿನ ನಾನು ಕಾಗದ ಇಳಿಸಲು ಅಲ್ಲೇ ಇದ್ದೆ. ಶಶಿಕಲಾ ಪ್ರೂಫ್ ತೆಗೆದು ಅಪ್ಪನ ಕೈಗಿಟ್ಟಳು. ಅದರಲ್ಲಿ ಹೀಗಿತ್ತು: ‘ಮುದ್ರಕರು: ಶ್ರೀ ತಾಯಣ್ಣ, ಈ ಶಾಲೆಯ ಹಳೆಯ ವಿದ್ಯಾರ್ಥಿ. ಮಾನ್ವಿ.’ ಸೂಗೂರೇಶ್ವರನ ಸುಳಿವೇ ಇಲ್ಲ. ತಾಯಣ್ಣ ಗಾಜು ಹಿಡಿದು ನೋಡಿದ, ಗಾಜು ಕೆಳಗಿಟ್ಟು ನೋಡಿದ, ಮತ್ತೆ ಹಿಡಿದು ನೋಡಿದ. ಎದ್ದು ಚಹಾ ಕುಡಿಯಲು ಹೋದ.

ಸೌಭಾಗ್ಯ ಟೀಚರ್ ಅದನ್ನು ಓದಿ ಒಪ್ಪಿಗೆ ಹಾಕಿದರು. ಆದರೆ ಸಮಿತಿಯ ಅಧ್ಯಕ್ಷ ಹನುಮಂತರಾಯರ ಕಣ್ಣಿಗೆ ಬಿತ್ತು. ಅವರು ಊರಿನ ಸಾಹುಕಾರರು, ಮಾತು ಬಲು ಮೆತ್ತಗೆ. ಮುಂದಿನದು ನನಗೆ ಗೋಪಮ್ಮ ಹೇಳಿದ್ದು. ಮರುದಿನವೇ ಜೀಪಿನಲ್ಲಿ ಮಾನ್ವಿಗೆ ಬಂದು, ಗೋಪಮ್ಮ ಕೊಟ್ಟ ನೀರನ್ನು ಮುಟ್ಟದೆ ಪಕ್ಕಕ್ಕಿಟ್ಟು, ಪ್ರೂಫಿನ ಕೊನೆಯ ಹಾಳೆ ತೋರಿಸಿದರು.

“ಪುಸ್ತಕ ಛಲೋ ಮಾಡೀಯವ್ವ. ಈ ಒಂದು ಸಾಲು ತೆಗೆದುಬಿಡು.”

“ಯಾಕ್ರೀ ಸಾಹುಕಾರ್ರೇ? ಏನರ ತಪ್ಪು ಅದ ಏನು?” ಎಂದಳು ಶಶಿಕಲಾ.

“ತಪ್ಪಿಲ್ಲ. ನನಗೇನೂ ಇಲ್ಲವ್ವ, ನಾ ಅಂಥವೆಲ್ಲ ನೋಡಾಂವಲ್ಲ. ಊರಾಗ ಹಿರ್ಯಾರು ಅದಾರ. ಮೊದಲನೇ ಪುಸ್ತಕ ಊರ ದೇವ್ರ ಮುಂದ ಇಡಬೇಕು. ಸುಮ್ಮನ ಮಾತು ಬರ್ತಾವ. ಮೊದ್ಲಿನಂಗ ಪ್ರೆಸ್ಸಿನ ಹೆಸರು ಹಾಕು, ಮುಗೀತು.”

“ದೇವ್ರು ಕೊನೀ ಪುಟ ಓದ್ತಾನೇನ್ರಿ?”

ಹನುಮಂತರಾಯರ ಮೆತ್ತನೆಯ ಮುಖ ಸ್ವಲ್ಪ ಗಟ್ಟಿಯಾಯಿತು. “ನಿಮ್ಮಪ್ಪನ್ನ ಕೇಳು. ಅಂವಗ ತಿಳೀತದ.”

ಮೂಲೆಯಲ್ಲಿ ಕುಳಿತಿದ್ದ ತಾಯಣ್ಣ ಎದ್ದು ನಿಂತಿದ್ದ, ಕೈ ತಾನಾಗಿಯೇ ಜೋಡಿಸಿಕೊಂಡಿತ್ತು. “ತೆಗೀತಾಳ್ರಿ ಯಪ್ಪಾ. ಹುಡುಗಿ, ತಿಳೀಲಿಲ್ಲ. ನಾ ತೆಗಸ್ತೀನಿ,” ಎಂದ.

“ತೆಗಿಯಂಗಿಲ್ರಿ,” ಎಂದಳು ಶಶಿಕಲಾ. “ಪುಸ್ತಕ ಮಾಡಿದವ್ರ ಹೆಸರು ಪುಸ್ತಕದಾಗ ಇರ್ತದ. ಬ್ಯಾಡಂದ್ರ ನಿಮ್ಮ ಬರಹ, ಫೋಟೊ ಎಲ್ಲಾ ಇಲ್ಲೇ ಅದಾವ, ಒಯ್ರಿ. ಬ್ಯಾರೆ ಕಡೆ ಮಾಡಿಸ್ರಿ.”

“ಬ್ಯಾರೆ ಕಡೆನೇ ಮಾಡಿಸ್ತೀವಿ. ಮುಂದ ನಮ್ಮ ಕಡೆಯಿಂದ ಒಂದು ಚೀಟಿ ಸೈತ ನಿಮ್ಮ ಪ್ರೆಸ್ಸಿಗೆ ಬರಂಗಿಲ್ಲ, ನೆನಪಿಟ್ಕೋ,” ಎಂದು ಹೇಳಿ, ಬರಹ ಫೋಟೊಗಳ ಚೀಲ ಎತ್ತಿಸಿಕೊಂಡು ಜೀಪು ಹತ್ತಿದರು.

ಜೀಪಿನ ಧೂಳು ಅಡಗುವ ಮೊದಲೇ ಅಪ್ಪ ಮಗಳ ಜಗಳ ಶುರುವಾಯಿತಂತೆ. ಎರಡು ದಿನಕ್ಕೆ ನಾನು ಹೋದಾಗಲೂ ಮುಗಿದಿರಲಿಲ್ಲ. ತಾಯಣ್ಣ ನನ್ನನ್ನು ಕಂಡದ್ದೇ ತಡ, “ನೀನರ ಹೇಳೋ ದಸ್ತಗೀರಾ ಇಕಿಗೆ. ಇಷ್ಟು ವರ್ಷ ಹೆಸರಿಲ್ದ ಬದುಕೀನಿ, ಏನು ಸತ್ತೀನೇನು? ಹೊಟ್ಟಿ ತುಂಬ್ಯದ, ಮಕ್ಕಳು ಓದ್ಯಾವ. ಇನ್ನೇನು ಬೇಕು?” ಎಂದ.

ನನಗೂ ತಡೆಯಲಾಗಲಿಲ್ಲ. “ಏನು ಬೇಕಂತ ನನ್ನ ಕೇಳಬ್ಯಾಡ. ಆ ಪ್ರೂಫ್ ಬಂದಾಗ ಗಾಜು ಹಿಡಿದು ಮೂರು ಸಲ ಯಾಕ ನೋಡಿದಿ, ಅದನ್ನ ಹೇಳು,” ಎಂದೆ.

ತಾಯಣ್ಣ ಗಾಜು ಎತ್ತಿಕೊಂಡು ಅಂಗಿಯ ಅಂಚಿನಿಂದ ಒರೆಸತೊಡಗಿದ. ಶಶಿಕಲಾಳ ಕಣ್ಣು ತುಂಬಿದ್ದವು, ಆದರೂ ದನಿ ಗಟ್ಟಿಯಿತ್ತು. “ಯಪ್ಪಾ, ನೀ ಜೋಡಿಸಿದ ಅಕ್ಷರ ಓದಿ ಎಷ್ಟು ಮಂದಿ ಮದುವಿ ಆದ್ರು. ನಿನ್ನ ಹೆಸರು ಒಂದು ಹಾಳಿ ಮ್ಯಾಲೂ ಇಲ್ಲ. ನಾಳೆ ನೀ ಹೋದ್ರ ನಾ ಏನಂತ ತೋರಸ್ಲಿ? ಸೂಗೂರೇಶ್ವರನ ಮಗಳು ಅನ್ಲೇನು?” ಗೋಪಮ್ಮ ಹಾಳೆ ಮಡಚುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು. “ಹುಡುಗಿ ಏನು ತಪ್ಪು ಹೇಳ್ಯಾಳ?” ಎಂದಳು. ಈ ಸಲ ತಾಯಣ್ಣ ಬೇಡವೆಂದು ಹೇಳಲಿಲ್ಲ. ಪುಟಗಳೆಲ್ಲ ಕಂಪ್ಯೂಟರಿನಲ್ಲೇ ಇದ್ದವು, ಅವತ್ತೇ ಶಶಿಕಲಾ ಯಂತ್ರ ಚಾಲೂ ಮಾಡಿದಳು. ಬೇಡವೆಂದು ಹೇಳಿ ಹೋದವರ ಪುಸ್ತಕವನ್ನು ಅಚ್ಚು ಹಾಕುವುದೆಂದರೆ ಹುಚ್ಚುತನ. ನಾನು ಇನ್ನಷ್ಟು ಕಾಗದ ಇಳಿಸಿ ಬಂದೆ.

ಸಮಿತಿಯವರು ರಾಯಚೂರೆಲ್ಲ ಸುತ್ತಿದರು. ನನ್ನ ಅಂಗಡಿಗೂ ಬಂದರು: “ದಸ್ತಗೀರ್ ಭಾಯ್, ನಾಲ್ಕು ದಿನದಾಗ ಪುಸ್ತಕ ಮಾಡಿಕೊಡಾವ್ರು ಯಾರರ ಅದಾರ ಏನ್ರಿ?” ಮದುವೆ ಸೀಸನ್ನು, ಎಲ್ಲ ಪ್ರೆಸ್ಸಿನಲ್ಲೂ ಕೆಲಸ ಕುತ್ತಿಗೆಯವರೆಗೆ ಬಂದಿತ್ತು. “ಒಬ್ರು ಅದಾರ್ರಿ. ಮಾನ್ವ್ಯಾಗ ತಾಯಣ್ಣ ಅಂತ, ನಿಮ್ಮ ಊರಿನವ್ರೇ. ನಿಮ್ಮ ಪುಸ್ತಕ ಆಗ್ಲೇ ಅಚ್ಚು ಹಾಕಿ ಇಟ್ಟಾರ,” ಎಂದೆ. ನನ್ನನ್ನು ದುರುಗುಟ್ಟಿ ನೋಡಿ ಹೊರಟುಹೋದರು. ಸಮಾರಂಭಕ್ಕೆ ಸಚಿವರು ಬರುವ ದಿನ ನಿಶ್ಚಯವಾಗಿತ್ತು, ಪುಸ್ತಕ ಬಿಡುಗಡೆ ಎಂದು ಆಮಂತ್ರಣ ಹಂಚಿಯಾಗಿತ್ತು. ಬೇರೆ ದಾರಿ ಇರಲಿಲ್ಲ. ಕೊನೆಗೆ ಅವರೇ ಮಾನ್ವಿಗೆ ಗಾಡಿ ಕಳಿಸಿ, ಪುಸ್ತಕದ ಕಟ್ಟುಗಳನ್ನು ಹೇರಿಕೊಂಡು ಹೋದರು. ಗೆದ್ದೆವೆಂದು ಗೋಪಮ್ಮ ಅವತ್ತು ಹೋಳಿಗೆ ಮಾಡಿದಳಂತೆ.

ಸಮಾರಂಭಕ್ಕೆ ನಾವೆಲ್ಲ ನನ್ನ ವ್ಯಾನಿನಲ್ಲೇ ಸಿರವಾರ ದಾಟಿ ಹೋದೆವು. ತಾಯಣ್ಣ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟಿದ್ದ, ದಾರಿಯುದ್ದಕ್ಕೂ ತನ್ನ ಮೇಷ್ಟ್ರ ಸುದ್ದಿಯನ್ನೇ ಹೇಳುತ್ತಿದ್ದ. ಶಾಲೆಯ ಅಂಗಳದಲ್ಲಿ ಪೆಂಡಾಲು ಹಾಕಿದ್ದರು. ಬಂದವರಿಗೆಲ್ಲ ಬಾಗಿಲಲ್ಲೇ ಪುಸ್ತಕ ಕೊಡುತ್ತಿದ್ದರು. ತಾಯಣ್ಣ ಕುರ್ಚಿಯಲ್ಲಿ ಕುಳಿತು ಪುಸ್ತಕವನ್ನು ಹಿಂದಿನಿಂದ ತೆರೆದ.

ಅವನ ಹೆಸರಿದ್ದ ಜಾಗದಲ್ಲಿ ಒಂದು ಬಿಳಿ ಚೀಟಿ ಅಂಟಿತ್ತು. ಬೆರಳಗಲದ ಪಟ್ಟಿ, ಮೇಲೆ ಏನೂ ಬರೆದಿರಲಿಲ್ಲ. ನನ್ನ ಪ್ರತಿ ತೆಗೆದೆ, ಅದರಲ್ಲೂ ಚೀಟಿ. ಗೋಪಮ್ಮನ ಪ್ರತಿಯಲ್ಲೂ, ಶಶಿಕಲಾಳ ಪ್ರತಿಯಲ್ಲೂ. ಕೂತು ಒಂದೊಂದು ಪುಸ್ತಕಕ್ಕೂ ಅಂಟಿಸಿದ್ದರು ಪುಣ್ಯಾತ್ಮರು. ಅಷ್ಟು ಕಷ್ಟಪಟ್ಟು ಇವರು ಜೀವನದಲ್ಲಿ ಬೇರೆ ಯಾವ ಕೆಲಸವನ್ನಾದರೂ ಮಾಡಿದ್ದಾರೋ ಇಲ್ಲವೋ! ವೇದಿಕೆಗೆ ಹೋಗಿ ಹನುಮಂತರಾಯರ ಕೊರಳಪಟ್ಟಿ ಹಿಡಿಯಬೇಕೆಂದು ಎದ್ದೆ. ತಾಯಣ್ಣ ನನ್ನ ತೋಳು ಹಿಡಿದು ಕೂರಿಸಿದ. “ಬ್ಯಾಡ. ಕೂಡ್ರು,” ಎಂದ. ಆ ದನಿ ಕೇಳಿ ನನಗೆ ಅಳು ಬಂತು. ಹೇಳಲು ನಾಚಿಕೆ ಇಲ್ಲ, ಅತ್ತೆ.

ಆದರೆ ಆ ಬುದ್ಧಿವಂತರು ಒಂದು ಮಾತನ್ನು ಯೋಚಿಸಿರಲಿಲ್ಲ. ಹೆಸರನ್ನು ಹಾಗೇ ಬಿಟ್ಟಿದ್ದರೆ ಆ ಪೆಂಡಾಲಿನಲ್ಲಿ ಒಬ್ಬರೂ ಅದನ್ನು ಓದುತ್ತಿರಲಿಲ್ಲ. ಈಗ ಅಲ್ಲೊಂದು ಚೀಟಿ ಅಂಟಿತ್ತು. ನಮ್ಮ ಜನ ಮುಚ್ಚಿದ್ದನ್ನು ಬಿಚ್ಚದೆ ಬಿಟ್ಟಾರೆಯೇ? ನಮ್ಮ ಮುಂದಿನ ಸಾಲಿನಲ್ಲಿ ಕುಳಿತಿದ್ದ ಮುದುಕನೊಬ್ಬ ಪುಟ ತಿರುವುತ್ತ ಅಲ್ಲಿಗೆ ಬಂದವನೇ, “ಏನೋ ಮುಚ್ಯಾರ ನೋಡ್ರಲೇ ಇಲ್ಲಿ,” ಎಂದು ಉಗುರು ಹಾಕಿದ. ಪಕ್ಕದವನು ಇಣುಕಿದ, ತನ್ನ ಪುಸ್ತಕವನ್ನೂ ತೆರೆದ. ಹೆಂಗಸರ ಕಡೆಯೂ ಶುರುವಾಯಿತು. ಸಚಿವರು ಭಾಷಣ ಮಾಡುತ್ತಿದ್ದಾಗ ಪೆಂಡಾಲಿನ ತುಂಬ ಪರಪರ ಕೆರೆಯುವ ಸದ್ದು. ಗೋಪಮ್ಮ ಒಂದನ್ನು ಕಿತ್ತು ಮೂಸಿ ನೋಡಿ, ಆ ದುಃಖದಲ್ಲೂ ನಕ್ಕಳು. “ಮೈದಾ ಹಿಟ್ಟು ಹಚ್ಯಾರ, ಅದೂ ನೀರಂಗ ಕಲಿಸ್ಯಾರ. ಇವ್ರಿಗೆ ಅಂಟು ಹಾಕಾಕ ಸೈತ ಬರಂಗಿಲ್ಲ!”

“ಮುದ್ರಕರು ಶ್ರೀ ತಾಯಣ್ಣ,” ಎಂದು ಯಾರೋ ಓದಿದರು. ಇನ್ನೊಂದು ಕಡೆ ಇನ್ನೊಬ್ಬರು ಓದಿದರು. “ಯಾವ ತಾಯಣ್ಣ?” “ನಮ್ಮ ಸಾಲ್ಯಾಗ ಓದ್ಯಾನಂತ.” “ಇದನ್ಯಾಕ ಮುಚ್ಯಾರ?” ಅವನ ಕೇರಿಯ ಹೆಂಗಸರು ತಿರುಗಿ ತಿರುಗಿ ನೋಡಿ, “ಯವ್ವಾ, ನಮ್ಮ ತಾಯಣ್ಣ ಕಾಕಾ ಅಲ್ಲೇನು, ಅಲ್ಲಿ ಕುಂತಾನಲ್ಲ!” ಎಂದು ಬೆರಳು ಮಾಡಿದರು. ವೇದಿಕೆಯ ಮೇಲಿದ್ದ ಸೌಭಾಗ್ಯ ಟೀಚರ್ ತಮ್ಮ ಪುಸ್ತಕ ತೆರೆದು, ಎಲ್ಲರೂ ನೋಡುತ್ತಿದ್ದಂತೆಯೇ ಚೀಟಿ ಕಿತ್ತು ಕೆಳಗೆ ಹಾಕಿದರು.

ಸಚಿವರು ಬೇಗ ಮಾತು ಮುಗಿಸಿ ಹೊರಟರು. ವಂದನೆ ಹೇಳಲು ಹನುಮಂತರಾಯರು ಮೈಕಿನ ಮುಂದೆ ಬಂದರು. ಪುಸ್ತಕಕ್ಕೆ ಬರೆದವರಿಗೆ ವಂದನೆ, ಫೋಟೊ ಕೊಟ್ಟವರಿಗೆ ವಂದನೆ, ಪೆಂಡಾಲು ಹಾಕಿದವರಿಗೆ ವಂದನೆ. ಆಗ ತಾಯಣ್ಣ ಎದ್ದ.

ಶಶಿಕಲಾ ಅವನ ಕೈ ಹಿಡಿಯಲು ಹೋದಳು. ಬಿಡಿಸಿಕೊಂಡು ಒಬ್ಬನೇ ನಡೆದ. ಕುರ್ಚಿಗಳ ನಡುವೆ ಅವನು ಹೋಗುತ್ತಿದ್ದಂತೆ ಗುಜುಗುಜು ನಿಂತಿತು. ವೇದಿಕೆಯ ಮೆಟ್ಟಿಲು ಹತ್ತುವಾಗ ಚಪ್ಪಲಿ ಬಿಡಲಿಲ್ಲ, ಕೈ ಜೋಡಿಸಲಿಲ್ಲ. ಅವನ ಬೆನ್ನು ಅಷ್ಟು ನೆಟ್ಟಗಿದ್ದದ್ದನ್ನು ನಾನು ಕಂಡೇ ಇರಲಿಲ್ಲ. ಮೈಕಿನ ಪಕ್ಕದ ಮೇಜಿನ ಮೇಲೆ ಹನುಮಂತರಾಯರ ಪುಸ್ತಕವಿತ್ತು. ತಾಯಣ್ಣ ಅದನ್ನು ತೆಗೆದುಕೊಂಡು, ಕೊನೆಯ ಪುಟ ಬಿಡಿಸಿ, ಉಗುರಿನಿಂದ ಚೀಟಿಯನ್ನು ನಿಧಾನವಾಗಿ, ಕಾಗದ ಹರಿಯದಂತೆ ಕಿತ್ತ. ಪುಸ್ತಕವನ್ನು ಅವರ ಮುಂದೆ ಹಿಡಿದ.

“ಇಡೀ ಆಯುಷ್ಯ ನಿಮಗೆಲ್ಲಾ ನನ್ನ ಹೆಸರು ಗೊತ್ತಿತ್ತು, ಸಾಹುಕಾರ್ರೇ. ಒಬ್ರೂ ನಾಕು ಮಂದಿ ಮುಂದ ಅನ್ನಲಿಲ್ಲ. ಓದ್ರಿ.”

“ತಾಯಣ್ಣ, ಕೆಳಗ ಹೋಗಿ ಕೂಡ್ರಪ್ಪ, ಆಮ್ಯಾಲ ಮಾತಾಡೋಣ,” ಎಂದರು ಹನುಮಂತರಾಯರು, ಅದೇ ಮೆತ್ತನೆಯ ದನಿಯಲ್ಲಿ.

“ಕೂಡ್ರಂಗಿಲ್ರಿ. ಓದ್ರಿ.”

ಇಡೀ ಪೆಂಡಾಲು ಕಾಯುತ್ತಿತ್ತು. ಹನುಮಂತರಾಯರು ಆಚೆ ಈಚೆ ನೋಡಿದರು. ಸಮಿತಿಯವರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ತಾಯಣ್ಣ ಪುಸ್ತಕ ಹಿಡಿದ ಕೈ ಇಳಿಸಲಿಲ್ಲ. ಕೊನೆಗೆ ಅವರು ಕನ್ನಡಕ ಏರಿಸಿ, ತುಟಿಯೊಳಗೇ ಓದಿದರು.

“ಕೇಳಲಿಲ್ರಿ,” ಎಂದ ತಾಯಣ್ಣ.

ಎರಡನೆಯ ಸಲ ಅವರು ಮೈಕಿನಲ್ಲಿ ಓದಿದರು, ಹೆಸರಿನ ಮುಂದಿನ ‘ಶ್ರೀ’ ಸಮೇತ. ಊರಿಗೆಲ್ಲ ಕೇಳಿಸಿತು.